ಜಠರದೊಳಗೊಂದು ಬಲೂನು

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ಮಲಪನಗುಡಿ ನನ್ನ ಊರು. ಅಲ್ಲಿಯ ವಿಜಯನಗರದ ಕಾಲದ ಬಾವಿಯನ್ನೂ ಮಲ್ಲಿಕಾರ್ಜುನನ ಗುಡಿಯನ್ನೂ ಬಲ್ಲವರು ಮಾತ್ರ ಗಾಡಿ ನಿಲ್ಲಿಸುತ್ತಾರೆ; ಉಳಿದವರು ಹಂಪೆಯ ಅವಸರದಲ್ಲಿ ಮುಂದೆ ಸಾಗುತ್ತಾರೆ. ಹಾಗೆ ಹೋದವರಿಗೆ ಹೇಮಕೂಟದ ತಪ್ಪಲಲ್ಲಿ ಇಬ್ಬರು ಗಣಪರ ದರ್ಶನವಾಗುತ್ತದೆ. ಒಬ್ಬ ಕಡಲೆಕಾಳು ಗಣಪ, ಸುಮಾರು ಹದಿನೈದು ಅಡಿ ಎತ್ತರದವನು. ಇನ್ನೊಬ್ಬ ಸಾಸಿವೆಕಾಳು ಗಣಪ, ಎಂಟು ಅಡಿಯವನು. ಇಷ್ಟು ದೊಡ್ಡ ದೇವರಿಗೆ ಇಷ್ಟು ಸಣ್ಣ ಕಾಳಿನ ಹೆಸರಿಟ್ಟ ನಮ್ಮ ಹಿರಿಯರ ವಿನೋದಬುದ್ಧಿಯನ್ನು ಮೆಚ್ಚಲೇಬೇಕು. ಸಾಸಿವೆಕಾಳು ಗಣಪನ ಮಂಟಪವನ್ನು 1506ರಲ್ಲಿ ಚಂದ್ರಗಿರಿಯ ವರ್ತಕನೊಬ್ಬ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಈ ಮೂರ್ತಿಯ ಉದರವನ್ನು ಗಮನವಿಟ್ಟು ನೋಡಿದರೆ ಅದರ ಸುತ್ತ ಬಿಗಿದ ಹಾವೊಂದು ಕಾಣುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದೇ: ಮೋದಕಗಳನ್ನು ಮಿತಿಮೀರಿ ತಿಂದ ಗಣಪ, ಹೊಟ್ಟೆ ಬಿರಿಯದಿರಲೆಂದು ಎದುರಿಗೆ ಬಂದ ಹಾವನ್ನೇ ಹಿಡಿದು ಸೊಂಟಕ್ಕೆ ಸುತ್ತಿಕೊಂಡ. ಅದನ್ನು ಕಂಡು ನಕ್ಕ ಚಂದ್ರನಿಗೆ ಶಾಪ ಕೊಟ್ಟ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಪ್ರತಿ ವರ್ಷ ಮಕ್ಕಳನ್ನು ಹಂಪೆಗೆ ಕರೆದೊಯ್ಯುವುದೂ ಈ ಕಥೆಯನ್ನು ಹೇಳುವುದೂ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಒಮ್ಮೆ ಆ ಮಕ್ಕಳಲ್ಲಿ ನನ್ನ ತಂಗಿಯ ಮಗಳೂ ಇದ್ದಳು. ಆಗವಳಿಗೆ ಹದಿಮೂರು ವರ್ಷ, ದುಂಡಗಿನ ಹುಡುಗಿ. ಕಡಲೆಕಾಳು ಗಣಪನ ಮುಂದೆ ನಿಂತಾಗ ಹುಡುಗನೊಬ್ಬ ಅವಳತ್ತ ಬೆರಳು ತೋರಿಸಿ ಏನೋ ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನೂ ನಕ್ಕೆನೆಂದು ಹೇಳಿಕೊಳ್ಳಲು ಇಂದು ನಾಚಿಕೆಯಾಗುತ್ತದೆ. ಅಂದಿನಿಂದ ಶಾಲೆ ಬಿಡುವವರೆಗೆ ಅವಳಿಗೆ ‘ಕಡಲೆಕಾಳು’ ಎಂಬ ಹೆಸರೇ ನಿಂತುಹೋಯಿತು. ಚಂದ್ರನಿಗೆ ಸಿಕ್ಕ ಶಾಪದ ಕಥೆಯನ್ನು ಅಷ್ಟು ಸೊಗಸಾಗಿ ಹೇಳುತ್ತಿದ್ದ ಮೇಷ್ಟ್ರಿಗೆ ಅದರ ಅರ್ಥ ಮಾತ್ರ ಆಗಿರಲಿಲ್ಲ.

ಅವಳಿಗೆ ಮೂವತ್ತಾರು ವರ್ಷವಾಗಿದ್ದಾಗ, ಒಂದು ಭಾನುವಾರ, ಬಣ್ಣದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಳು. ಬ್ಯಾಂಕಿನಲ್ಲಿ ಕೆಲಸ, ಎರಡು ಮಕ್ಕಳು. ಎತ್ತರ ಐದಡಿ ಎರಡಂಗುಲ, ತೂಕ ತೊಂಬತ್ತನಾಲ್ಕು ಕಿಲೋ. ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅವಳ ತಾಯಿ, ಎಂದರೆ ನನ್ನ ತಂಗಿ, ಅದೇ ಕಾಯಿಲೆಯಿಂದ ಮೂತ್ರಪಿಂಡ ಸೋತು ಐವತ್ತೆಂಟಕ್ಕೇ ಹೋದಳು. ಆದ್ದರಿಂದ ಇದು ಅಂದಚೆಂದದ ಮಾತಾಗಿರಲಿಲ್ಲ.

“ಮಾಮಾ, ಇದನ್ನ ನೀವು ಓದಿ ನೋಡ್ರಿ. ಹಾಕಿಸಿಕೊಳ್ಳಲೇನು, ಬ್ಯಾಡೇನು, ಹೇಳ್ರಿ” ಎಂದಳು.

ಆ ಹಾಳೆಯಲ್ಲಿದ್ದುದು ಜಠರದೊಳಗೆ ಇರಿಸುವ ಬಲೂನಿನ ಜಾಹೀರಾತು. ಕತ್ತರಿ ತಾಗದೆ, ಹೊಲಿಗೆ ಬೀಳದೆ, ಬಾಯಿಯ ಮೂಲಕವೇ ಹೊಟ್ಟೆಗೆ ಇಳಿಸುವ ಚೀಲ. ಅದನ್ನು ತುಂಬಿದರೆ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುತ್ತದೆ, ತೂಕ ಇಳಿಯುತ್ತದೆ. ನಾನು ವೈದ್ಯನಲ್ಲ. ಆದರೆ ಓದಿ ತಿಳಿಯುವ ಚಟವುಳ್ಳವನು. ಆ ಹಾಳೆಯಿಂದ ಹೊರಟು ಒಂದು ತಿಂಗಳು ನಾನು ಓದಿದ್ದನ್ನು, ಅದಾದ ಮೇಲೆ ನಮ್ಮ ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು, ಹಸಿವೆಂದರೇನು? ಇದು ನಾವೆಲ್ಲ ಬಲ್ಲ ಸಂಗತಿಯೆಂದು ತೋರಿದರೂ ಇದರ ಮರ್ಮ ಶರೀರಶಾಸ್ತ್ರಜ್ಞರನ್ನು ಬಹುಕಾಲ ಕಾಡಿತು. 1822ರಲ್ಲಿ ಉತ್ತರ ಅಮೆರಿಕದ ತುಪ್ಪಳದ ವ್ಯಾಪಾರಕ್ಕೆ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಬದುಕಿದ, ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ವಿಲಿಯಂ ಬೋಮಾಂಟ್ ಎಂಬ ಸೈನ್ಯದ ವೈದ್ಯ ಆ ಕಿಂಡಿಯ ಮೂಲಕ ದಾರಕ್ಕೆ ಕಟ್ಟಿದ ಆಹಾರದ ತುಣುಕುಗಳನ್ನು ಇಳಿಬಿಟ್ಟು, ಮತ್ತೆ ಎಳೆದು ನೋಡಿ, ಜಠರದ ಕೆಲಸವನ್ನು ಕಣ್ಣಿನಿಂದ ಕಂಡ. ಆ ಬಡವನಿಗೆ ಇದರಿಂದ ಏನು ಸಿಕ್ಕಿತೆಂಬುದು ಬೇರೆಯೇ ಒಂದು ಕಥೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಪ್ರಯೋಗ ನಡೆದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿಯ ಪ್ರಾಧ್ಯಾಪಕ ವಾಲ್ಟರ್ ಕ್ಯಾನನ್, ಹಸಿವಿನ ಸಂಕಟವೆಂಬುದು ಬರಿದಾದ ಜಠರದ ಹಿಂಡುವಿಕೆಯೇ ಇರಬಹುದೆಂದು ಊಹಿಸಿದ. ಅವನ ಶಿಷ್ಯ ವಾಶ್‌ಬರ್ನ್ ತೆಳುವಾದ ಕೊಳವೆಗೆ ಕಟ್ಟಿದ ರಬ್ಬರಿನ ಬಲೂನನ್ನು ನುಂಗಿದ. ಕೊಳವೆಯ ಇನ್ನೊಂದು ತುದಿ ಗೀಟೆಳೆಯುವ ಯಂತ್ರಕ್ಕೆ. ‘ಈಗ ಹಸಿವು’ ಎಂದು ಶಿಷ್ಯ ಗುಂಡಿ ಒತ್ತಿದಾಗಲೆಲ್ಲ ಯಂತ್ರದ ಗೀಟು ಏರಿತ್ತು. ಇದು 1912ರಲ್ಲಿ ಪ್ರಕಟವಾದ ಸಂಗತಿ. ಹೀಗೆ ಮನುಷ್ಯನ ಹೊಟ್ಟೆಗೆ ಬಲೂನು ಇಳಿದದ್ದು ಹಸಿವನ್ನು ಅಳೆಯುವುದಕ್ಕೆ. ಅದನ್ನು ಅಡಗಿಸುವುದಕ್ಕೆ ಇಳಿದದ್ದು ಎಪ್ಪತ್ತು ವರ್ಷಗಳ ಅನಂತರ. ಕ್ಯಾನನ್ನನ ಊಹೆ ಅರ್ಧ ಮಾತ್ರ ನಿಜವೆಂದು ಮುಂದೆ ತಿಳಿಯಿತು. ಶಸ್ತ್ರಕ್ರಿಯೆಯಲ್ಲಿ ಜಠರವನ್ನೇ ಕಳೆದುಕೊಂಡವರಿಗೂ ಹಸಿವಾಗುತ್ತದೆ! ಹಸಿವು ಹೊಟ್ಟೆಯೊಂದರ ಸ್ವತ್ತಲ್ಲ.

ತೃಪ್ತಿಯೂ ಹಾಗೆಯೇ. ಬರಿದಾದ ಜಠರ ಸಣ್ಣದು. ಊಟ ಬಂದಂತೆ ಅದರ ಮೇಲ್ಭಾಗ, ಜಗಲಿಯ ಮೇಲೆ ಕುಳಿತವರು ಬಂದವರಿಗೆ ಸರಿದು ಜಾಗ ಕೊಡುವಂತೆ, ಮೆಲ್ಲನೆ ಸಡಿಲಗೊಂಡು ಒಂದು ಲೀಟರಿಗೂ ಮಿಗಿಲಾಗಿ ಹಿಡಿಸಿಕೊಳ್ಳುತ್ತದೆ. ಗೋಡೆ ಹಿಗ್ಗಿದ ಸುದ್ದಿಯನ್ನು ಅಲ್ಲಿರುವ ನರತುದಿಗಳು ವೇಗಸ್ ಎಂಬ ನರದ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಇದು ಮೊದಲನೆಯ ಸುದ್ದಿ. ಆಹಾರ ಕರುಳಿಗೆ ಇಳಿದ ಮೇಲೆ ಅಲ್ಲಿಂದ ಹೊರಡುವ ಹಾರ್ಮೋನುಗಳು ಎರಡನೆಯ ಸುದ್ದಿಯನ್ನು ಒಯ್ಯುತ್ತವೆ. ಇವು ಮಿದುಳನ್ನು ತಲಪಿ ಒಂದು ತೀರ್ಮಾನವಾಗಲು ಹದಿನೈದಿಪ್ಪತ್ತು ನಿಮಿಷ ಬೇಕು. ಮದುವೆಮನೆಯ ಪಂಕ್ತಿಯಲ್ಲಿ ಅವಸರದಿಂದ ಉಣ್ಣುವವನು ಸುದ್ದಿ ಮುಟ್ಟುವ ಮೊದಲೇ ಎರಡನೆಯ ಹೋಳಿಗೆಯನ್ನು ಮುಗಿಸಿರುತ್ತಾನೆ. ಇದಕ್ಕೆ ಎದುರಾಗಿ, ಹಸಿವನ್ನು ಎಬ್ಬಿಸುವ ಹಾರ್ಮೋನೂ ಒಂದುಂಟು. ಗ್ರೆಲಿನ್ ಎಂಬ ಹೆಸರಿನ ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು; ಇದು ಬಹುಪಾಲು ಹುಟ್ಟುವುದು ಜಠರದಲ್ಲಿಯೇ.

ನಮ್ಮ ಭಾಷೆಯಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಬಡಿಸುವವರಿಗೆ ಕೈಯಡ್ಡ ಹಿಡಿದು ಹೇಳುವುದೂ ಸಾಕು. ಮಗುವನ್ನು, ದನವನ್ನು ಪೋಷಿಸುವುದೂ ಸಾಕು. ಈ ಎರಡೂ ಮೂಲದಲ್ಲಿ ಒಂದೇ ಹೌದೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡುತ್ತೇನೆ. ಆದರೆ ಈ ಬಲೂನು ಹೇಳಿಸಲು ಹೊರಟದ್ದು ಮೊದಲನೆಯ ಸಾಕನ್ನು ಮಾತ್ರ ಎಂಬುದನ್ನು ತಾವು ನೆನಪಿನಲ್ಲಿಡಬೇಕು.

ಈ ಉಪಾಯ ಹೊಳೆದ ಬಗೆ ಸ್ವಾರಸ್ಯವಾಗಿದೆ. ಕೆಲವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಮ್ಮ ತಲೆಗೂದಲನ್ನೇ ಕಿತ್ತು ನುಂಗುವ ವಿಚಿತ್ರ ಅಭ್ಯಾಸವಿರುತ್ತದೆ. ಆ ಕೂದಲು ಜೀರ್ಣವಾಗದೆ ಜಠರದಲ್ಲಿ ಉಂಡೆಗಟ್ಟುತ್ತದೆ. ನಾರಿನ ಉಂಡೆಗಳೂ ಹೀಗೆ ಕಟ್ಟುವುದುಂಟು. ವೈದ್ಯರು ಇದನ್ನು ಬೆಝೋರ್ ಎನ್ನುತ್ತಾರೆ. ಇಂಥವರು ಎರಡು ತುತ್ತಿಗೇ ಹೊಟ್ಟೆ ತುಂಬಿತೆನ್ನುತ್ತಾರೆ, ಸೊರಗುತ್ತಾರೆ. ರೋಗ ಮಾಡುವ ಕೆಲಸವನ್ನು ಬೇಕೆಂದೇ, ಬೇಕಾದಷ್ಟು ದಿನ ಮಾತ್ರ, ಮಾಡಿಸಿದರೇನು? ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೋ ಎಂಬ ವೈದ್ಯರು 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಲೂನನ್ನು ‘ಕೃತಕ ಬೆಝೋರ್’ ಎಂದೇ ಕರೆದು ಬರೆದರು. ನಾನೂರು ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಬಲೂನು ತುಂಬಿದರೆ ಜನ ಒಂದು ಹೊತ್ತಿಗೆ ಉಣ್ಣುವ ಪ್ರಮಾಣ ಇಳಿಯುತ್ತದೆಂದು 1988ರಲ್ಲಿ ನಡೆದ ಒಂದು ಪರೀಕ್ಷೆ ತೋರಿಸಿತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಸ್ವಲ್ಪ ಸ್ಥೂಲಕಾಯನೇ ಎಂದು ಬರೆದಿದ್ದಾನೆ. ರಾಯ ದಿನವೂ ಬೆಳಕು ಹರಿಯುವ ಮೊದಲೇ ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಬೆವರಿನಲ್ಲಿ ಎಣ್ಣೆಯೆಲ್ಲ ಇಳಿಯುವ ತನಕ ಸಾಮು ಮಾಡಿ, ಮಲ್ಲರೊಡನೆ ಕುಸ್ತಿ ಆಡಿ, ಆಮೇಲೆ ಕುದುರೆ ಓಡಿಸುತ್ತಿದ್ದನಂತೆ. ಮುಕ್ಕಾಲು ಪಿಂಟೆಂದರೆ ನಾನೂರು ಮಿಲಿಲೀಟರಿಗೆ ತುಸು ಹೆಚ್ಚು! ಅಷ್ಟು ಎಣ್ಣೆಯ ಮೇಲೆ ಉಪಾಹಾರಕ್ಕೆ ಎಷ್ಟು ಜಾಗ ಉಳಿಯುತ್ತಿತ್ತೋ ಪಾಯೆಸ್ ಹೇಳಿಲ್ಲ. ಇಷ್ಟು ವ್ಯಾಯಾಮದ ಅನಂತರವೂ ರಾಯನ ಮೈ ತುಂಬಿಕೊಂಡೇ ಇತ್ತೆಂಬುದನ್ನು, ದಪ್ಪಗಿರುವವರೆಲ್ಲ ಸೋಮಾರಿಗಳೆನ್ನುವ ಜನ ಗಮನಿಸಬೇಕು.

ಬಲೂನಿನ ಮೊದಲ ಸಾಹಸ ಸೋಲಿನಲ್ಲಿ ಮುಗಿಯಿತು. ಅಮೆರಿಕದಲ್ಲಿ ‘ಗ್ಯಾರನ್-ಎಡ್ವರ್ಡ್ಸ್ ಗುಳ್ಳೆ’ ಎಂಬ ಸಾಧನಕ್ಕೆ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಉರುಳೆಯ ಆಕಾರದ ಪಾಲಿಯುರಿಥೇನ್ ಚೀಲ. ಒಳಗೆ ಇನ್ನೂರಿಪ್ಪತ್ತು ಮಿಲಿಲೀಟರ್ ಗಾಳಿ. ಅಷ್ಟು ಸಣ್ಣದು, ಅದೂ ಗಾಳಿ. ಉರುಳೆಯ ಅಂಚುಗಳು ಜಠರದ ಒಳಪದರವನ್ನು ಉಜ್ಜಿ ಹುಣ್ಣು ಮಾಡಿದವು. ಕೆಲವು ತಾವಾಗಿಯೇ ಕುಗ್ಗಿ ಕರುಳಿಗೆ ಜಾರಿ ದಾರಿಗೆ ಅಡ್ಡಲಾದವು. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪರೀಕ್ಷೆಗಳಿಂದ. ಕೆಲವರಿಗೆ ನಿಜವಾಗಿ ಗುಳ್ಳೆಯನ್ನಿಟ್ಟು, ಮತ್ತೆ ಕೆಲವರಿಗೆ ಕೊಳವೆಯನ್ನು ಇಳಿಸಿದಂತೆ ಮಾಡಿ ಏನನ್ನೂ ಇಡದೆ, ಯಾರಿಗೆ ಏನಾಗಿದೆಯೆಂದು ತಿಳಿಸದೆ, ಎಲ್ಲರಿಗೂ ಒಂದೇ ಪಥ್ಯ ಹೇಳಿದರು. ಎರಡು ಗುಂಪಿನವರ ತೂಕವೂ ಹೆಚ್ಚುಕಡಿಮೆ ಒಂದೇ ಸಮನಾಗಿ ಇಳಿಯಿತು. ಗುಳ್ಳೆಗಿಂತ ಪಥ್ಯವೂ ನಂಬಿಕೆಯೂ ಹೆಚ್ಚು ಕೆಲಸ ಮಾಡಿದ್ದವು. 1988ರ ಹೊತ್ತಿಗೆ ಅದರ ಮಾರಾಟ ನಿಂತಿತು. ಅದಕ್ಕೆ ಒಂದು ವರ್ಷ ಮೊದಲೇ, 1987ರಲ್ಲಿ, ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಹಲವು ದೇಶಗಳ ತಜ್ಞರು ಸೇರಿ, ಬಲೂನು ಹೇಗಿರಬೇಕೆಂದು ಗೊತ್ತುಮಾಡಿದರು: ನುಣುಪಾಗಿರಬೇಕು, ಅಂಚಿರಬಾರದು, ಗಾಳಿಗಿಂತ ದ್ರವ ತುಂಬುವಂತಿರಬೇಕು, ಗಾತ್ರವನ್ನು ಹೊಂದಿಸಲು ಬರಬೇಕು, ಕ್ಷಕಿರಣದಲ್ಲಿ ಕಾಣಬೇಕು. ಒಂದು ಸಾಧನ ಸೋತಾಗ ಅದನ್ನು ಬೈದು ಬಿಡದೆ, ಸೋಲನ್ನೇ ಓದಿಕೊಂಡು ಹೀಗೆ ನಿಯಮ ಮಾಡುವುದು ನನಗೆ ವಿಜ್ಞಾನದ ಅತ್ಯಂತ ಪ್ರಿಯವಾದ ಮುಖ.

ಇಂದು ಹೆಚ್ಚು ಬಳಕೆಯಲ್ಲಿರುವುದು ಆ ನಿಯಮಗಳಿಂದ ಹುಟ್ಟಿದ ಗುಂಡನೆಯ ಸಿಲಿಕೋನ್ ಚೀಲ. ಯುರೋಪು ಮತ್ತಿತರ ಕಡೆ 1990ರ ದಶಕದಿಂದಲೇ ಇದ್ದ ಇದಕ್ಕೆ, ಮೊದಲು ಕೈಸುಟ್ಟುಕೊಂಡ ಅಮೆರಿಕ ಒಪ್ಪಿಗೆ ಕೊಟ್ಟದ್ದು 2015ರಲ್ಲಿ. ಓರ್ಬೆರಾ ಎಂಬುದು ಅದರ ಹೆಸರು. ರೋಗಿಯನ್ನು ಮಂಪರಿನಲ್ಲಿಟ್ಟು, ತುದಿಯಲ್ಲಿ ಕ್ಯಾಮರಾ ಇರುವ ಎಂಡೋಸ್ಕೋಪ್ ಕೊಳವೆಯಿಂದ ಮೊದಲು ಜಠರವನ್ನು ಪರೀಕ್ಷಿಸುತ್ತಾರೆ. ಹುಣ್ಣು ಇದ್ದರೆ, ಹಿಂದೆ ಜಠರದ ಶಸ್ತ್ರಕ್ರಿಯೆ ಆಗಿದ್ದರೆ, ಬಸುರಿಯಾಗಿದ್ದರೆ ಇಡುವುದಿಲ್ಲ. ಎಲ್ಲ ಸರಿಯಿದ್ದರೆ ಮಡಿಸಿದ ಚೀಲವನ್ನು ಇಳಿಸಿ, ನಾನೂರರಿಂದ ಏಳುನೂರು ಮಿಲಿಲೀಟರಿನವರೆಗೆ ಉಪ್ಪುನೀರು ತುಂಬಿ, ಕೊಳವೆಯನ್ನು ಎಳೆದುಕೊಳ್ಳುತ್ತಾರೆ. ಅರ್ಧ ಗಂಟೆಯ ಕೆಲಸ. ಆ ನೀರಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿರುತ್ತಾರೆ. ಚೀಲ ಒಡೆದರೆ ಆ ಬಣ್ಣ ರಕ್ತಕ್ಕೆ ಹೋಗಿ, ಮೂತ್ರ ನೀಲಿಯಾಗಿಯೋ ಹಸಿರಾಗಿಯೋ ಬರುತ್ತದೆ; ಆಗ ಒಡನೆ ಆಸ್ಪತ್ರೆಗೆ ಓಡಬೇಕು. ಎಂಥ ಸರಳವಾದ ಎಚ್ಚರಿಕೆಯ ಗಂಟೆ! ಆರು ತಿಂಗಳಾದ ಮೇಲೆ ಮತ್ತೆ ಎಂಡೋಸ್ಕೋಪ್ ಇಳಿಸಿ, ಸೂಜಿಯಿಂದ ಚುಚ್ಚಿ, ನೀರನ್ನು ಹೀರಿ, ಚೀಲವನ್ನು ಹಿಡಿದು ಹೊರಗೆ ತೆಗೆಯುತ್ತಾರೆ. ಜಠರದ ಆಮ್ಲದಲ್ಲಿ ಸಿಲಿಕೋನ್ ಬಹುಕಾಲ ಬಾಳದು. ಆದ್ದರಿಂದಲೇ ಈ ಆರು ತಿಂಗಳ ಗಡುವು. ಎಂಡೋಸ್ಕೋಪಿನ ಗೊಡವೆಯೇ ಇಲ್ಲದ ಇನ್ನೊಂದು ಬಗೆಯೂ ಬಂದಿದೆ: ಕ್ಯಾಪ್ಸೂಲಿನಲ್ಲಿ ಮಡಿಸಿಟ್ಟ ಚೀಲವನ್ನು ನುಂಗಿ, ಅದಕ್ಕೆ ಅಂಟಿದ ಎಳೆಯಂಥ ನಳಿಗೆಯಿಂದ ನೀರು ತುಂಬುತ್ತಾರೆ. ಸುಮಾರು ನಾಲ್ಕು ತಿಂಗಳಿಗೆ ಅದರ ಬಾಯಿ ತಾನೇ ಬಿಚ್ಚಿಕೊಂಡು ಚೀಲ ಮಲದೊಡನೆ ಹೊರಟುಹೋಗುತ್ತದೆ.

ಬಲೂನಿನ ಜೊತೆಗೆ ಬೇರೆ ಉಪಾಯಗಳೂ ಉಂಟು. ಗಣಪನ ಹಾವಿನಂತೆಯೇ ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿಯನ್ನು ಬಿಗಿಯುವ ಶಸ್ತ್ರಕ್ರಿಯೆ ಒಂದು ಕಾಲಕ್ಕೆ ಬಹಳ ನಡೆಯಿತು. ಈಗ ಅದರ ಬಳಕೆ ತೀರ ತಗ್ಗಿದೆ. ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿನ ತುದಿಗೆ ಸೂಜಿ ಕಟ್ಟಿ, ಜಠರವನ್ನು ಒಳಗಿನಿಂದಲೇ ನೆರಿಗೆ ಹಿಡಿದು ಹೊಲಿದು ಕಿರಿದು ಮಾಡುವ ವಿಧಾನ ಇನ್ನೊಂದು. ಇದರಿಂದ ಒಂದು ವರ್ಷಕ್ಕೆ ಮೈತೂಕದಲ್ಲಿ ನೂರಕ್ಕೆ 13.6ರಷ್ಟು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ತಿಳಿಸುತ್ತದೆ. ಹೊಲಿಗೆಯಿಲ್ಲದೆ ಬರಿಯ ಪಥ್ಯ ಮಾಡಿದವರಲ್ಲಿ ನೂರಕ್ಕೆ ಒಂದೂ ಇಳಿದಿರಲಿಲ್ಲ. ಮತ್ತೊಂದು, ಊಟಕ್ಕೆ ಮುಂಚೆ ನೀರಿನೊಡನೆ ನುಂಗುವ ಕ್ಯಾಪ್ಸೂಲು. ಇದರೊಳಗಿನ ಸೆಲ್ಯುಲೋಸ್ ಕಣಗಳು ನೀರು ಕುಡಿದು ಊದಿಕೊಂಡು ಜಠರದ ಕಾಲುಭಾಗವನ್ನು ತುಂಬುತ್ತವೆ. ರಕ್ತಕ್ಕೆ ಸೇರದೆ ಬರಿಯ ಗಾತ್ರದಿಂದ ಕೆಲಸ ಮಾಡುವುದರಿಂದ ಅಮೆರಿಕದವರು 2019ರಲ್ಲಿ ಇದನ್ನು ಔಷಧವೆನ್ನದೆ ‘ಸಾಧನ’ವೆಂದೇ ವಿಂಗಡಿಸಿದರು. ಇದನ್ನು ಓದಿದಾಗ ನನಗೆ ಬೇಸಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ನೆನಪಾಯಿತು. ಅದೂ ಹಾಗೆಯೇ ಊದುತ್ತದೆ. ಪಾಪ, ಅದನ್ನು ಸಾಧನವೆಂದು ಯಾರೂ ದಾಖಲಿಸಿಕೊಂಡಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಓರ್ಬೆರಾ ಬಲೂನನ್ನು ಕುರಿತ ಅಮೆರಿಕದ ಪರೀಕ್ಷೆಯಲ್ಲಿ ಆರು ತಿಂಗಳಿಗೆ ಬಲೂನು ಇಟ್ಟವರ ಮೈತೂಕ ನೂರಕ್ಕೆ 10.2ರಷ್ಟು ಇಳಿದಿತ್ತು, ಪಥ್ಯ, ವ್ಯಾಯಾಮ ಮಾತ್ರ ಮಾಡಿದವರದು 3.3. ಬಲೂನು ತೆಗೆದು ಆರು ತಿಂಗಳು ಕಳೆದಾಗ, ಎಂದರೆ ವರ್ಷದ ಕೊನೆಗೆ, ಆ 10.2 ಎಂಬುದು 7.6ಕ್ಕೆ ಬಂದಿತ್ತು. ನಾನು ತಂಗಿಯ ಮಗಳ ಎದುರಿಗೆ ಕಾಗದ ಹಿಡಿದು ಬರೆದೆ: ತೊಂಬತ್ತನಾಲ್ಕು ಕಿಲೋ ಎಂಬತ್ತನಾಲ್ಕಾಗಬಹುದು; ಆಮೇಲೆ ಎಂಬತ್ತೇಳಕ್ಕೆ ಏರಬಹುದು. ಜಾಹೀರಾತಿನ ಹಾಳೆಯಲ್ಲಿ ಮೊದಲ ಆರು ತಿಂಗಳ ಚಿತ್ರ ಮಾತ್ರ ಇತ್ತು. ಏಳನೆಯ ತಿಂಗಳಿನಲ್ಲಿ ಏನಾಗುತ್ತದೆಂಬ ಒಂದು ಸಾಲೂ ಇರಲಿಲ್ಲ.

ಅಪಾಯದ ಮಾತನ್ನೂ ಮುಚ್ಚಿಡಬಾರದು. ದ್ರವ ತುಂಬಿದ ಬಲೂನುಗಳನ್ನು ಇರಿಸಿಕೊಂಡವರಲ್ಲಿ 2016ರಿಂದ ಈಚೆಗೆ ಜಗತ್ತಿನಲ್ಲಿ ಹನ್ನೆರಡು ಮಂದಿ ಸತ್ತ ವರದಿಗಳು ತನಗೆ ಬಂದಿವೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ತಿಳಿಸಿತು. ಬಲೂನು ತಾನಾಗಿಯೇ ಇನ್ನಷ್ಟು ಉಬ್ಬುವುದು, ಮೇದೋಜೀರಕ ಗ್ರಂಥಿ ಉರಿಗೊಳ್ಳುವುದು, ಜಠರದ ಗೋಡೆ ತೂತಾಗುವುದು, ಇವು ಅಪರೂಪ, ಆದರೆ ಆಗಬಲ್ಲವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಡವೆಂದು ಹೇಳಿಬಿಡೋಣ ಎನಿಸಿತು. ಬೆಳಗಾಗುವ ಹೊತ್ತಿಗೆ ತಂಗಿಯ ಕಡೆಯ ವರ್ಷ ನೆನಪಾಯಿತು. ವಾರಕ್ಕೆ ಎರಡು ಸಲ ರಕ್ತಶುದ್ಧಿಗೆಂದು ಬಳ್ಳಾರಿಗೆ ಹೋಗಿ ಬರುತ್ತಿದ್ದ ಆ ಬಸ್ಸಿನ ಪ್ರಯಾಣ. ಅಪಾಯ ಎರಡೂ ಕಡೆ ಇತ್ತು. ಓದಿದ್ದನ್ನೆಲ್ಲ ಬರೆದ ಕಾಗದವನ್ನು ಅವಳಿಗೇ ಕೊಟ್ಟೆ. “ತೀರ್ಮಾನ ನಿನ್ನದು, ಜೊತೆಗೆ ನಾನು ಬರುತ್ತೇನೆ” ಎಂದೆ.

ಎರಡು ವರ್ಷ ಕಟ್ಟಿದ ಚೀಟಿಯ ಹಣದಲ್ಲಿ, 2023ರ ಜನವರಿಯಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಾಕಿಸಿಕೊಂಡಳು. ಸಂಜೆಯೇ ಮನೆಗೆ ಕಳಿಸಿದರು. ಆಮೇಲಿನ ಮೂರು ದಿನ ವಾಂತಿ, ಹೊಟ್ಟೆ ಹಿಂಡುವ ನೋವು. ಜಠರ ತನ್ನೊಳಗೆ ಬಂದದ್ದನ್ನು ಅರೆದು ಕೆಳಗೆ ಕಳಿಸುವುದನ್ನು ಬಲ್ಲದೇ ಹೊರತು ಅರೆಯಲಾಗದ, ಕಳಿಸಲಾಗದ ಅತಿಥಿಯನ್ನು ಬಲ್ಲದು. ನಾಲ್ಕನೆಯ ದಿನ ಒಂದು ಲೋಟ ಗಂಜಿ ಹೊಟ್ಟೆಯಲ್ಲಿ ನಿಂತಿತು. ವಾರ ಕಳೆಯುವಷ್ಟರಲ್ಲಿ ಜಠರ ಸೋತು ಒಪ್ಪಿಕೊಂಡಿತು. ಆಮ್ಲ ತಗ್ಗಿಸುವ ಮಾತ್ರೆ ಆರು ತಿಂಗಳೂ ತಪ್ಪುವಂತಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಕಂಡ ದೊಡ್ಡ ಸಂಗತಿ ತೂಕದ್ದಲ್ಲ. ಒಂದು ದಿನ ಅವಳು ಹೇಳಿದಳು: “ಮಾಮಾ, ಹೊಟ್ಟಿ ತುಂಬೋದು ಅಂದ್ರ ಹಿಂಗಿರ್ತದ ಅಂತ ನಂಗ ಈಗ ಗೊತ್ತಾತು.” ನಾನು ಬೆರಗಾದೆ. ನಾವು ಉಣ್ಣುವಾಗ ತಾನಾಗಿ ಬರುವ ಆ ಸುದ್ದಿ ಅವಳಿಗೆ ಇಷ್ಟು ವರ್ಷ ಮುಟ್ಟಿಯೇ ಇರಲಿಲ್ಲವೇ, ಅಥವಾ ಬಹಳ ಮೆಲ್ಲಗೆ ಮುಟ್ಟುತ್ತಿತ್ತೇ? ಬಾಯಿಚಪಲ ಎಂದು ನಾವು ಬೈಯುತ್ತಿದ್ದುದು ಇದನ್ನೇ ಏನು? ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ಎರಡು ಪಾಲನ್ನು ಅನ್ನದಿಂದ, ಒಂದನ್ನು ಪಾನೀಯದಿಂದ ತುಂಬಿ, ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂಬ ಉಪದೇಶವಿದೆ. ಉಪದೇಶ ಸರಿ, ಆದರೆ ಎರಡು ಪಾಲು ತುಂಬಿತೆಂದು ತಿಳಿಸುವ ಗಂಟೆಯೇ ಬಾರಿಸದ ಹೊಟ್ಟೆಗೆ ಯಾವ ಉಪದೇಶ ಮುಟ್ಟೀತು?

ಜುಲೈಯಲ್ಲಿ ಬಲೂನು ತೆಗೆದಾಗ ತೂಕ ಎಂಬತ್ತಮೂರೂವರೆ. ಮೂರು ತಿಂಗಳ ಸರಾಸರಿ ಸಕ್ಕರೆ 8.4ರಿಂದ 6.9ಕ್ಕೆ ಇಳಿದಿತ್ತು. ಮೂರು ಮಾತ್ರೆಗಳು ಒಂದಾದವು. ಆದರೆ ಎರಡೇ ವಾರಕ್ಕೆ ಹಸಿವು ಮರಳಿತು, ಬಡ್ಡಿಯೊಡನೆ. ಇದು ಅವಳೊಬ್ಬಳ ದೌರ್ಬಲ್ಯವಲ್ಲ. ಪಥ್ಯದಿಂದ ತೂಕ ಇಳಿಸಿಕೊಂಡವರನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷ ಕಳೆದರೂ ಅವರಲ್ಲಿ ಹಸಿವನ್ನು ಎಬ್ಬಿಸುವ ಹಾರ್ಮೋನು ಮೊದಲಿಗಿಂತ ಹೆಚ್ಚಾಗಿಯೇ, ತೃಪ್ತಿಯ ಹಾರ್ಮೋನುಗಳು ಕಡಿಮೆಯಾಗಿಯೇ ಇದ್ದವು. ಕಳೆದುಕೊಂಡ ಕೊಬ್ಬನ್ನು ಶರೀರ ಕಳವಾದ ಒಡವೆಯಂತೆ ಹುಡುಕುತ್ತದೆ.

ಏಕೆ ಹುಡುಕಬಾರದು? ನಮ್ಮ ಸೀಮೆಯ ಕಥೆಯನ್ನೇ ನೋಡಿ. 1876-78ರ ಬರಗಾಲದಲ್ಲಿ ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರಲ್ಲಿ ಕಲ್ಕತ್ತೆಯ ಸರ್ಕಾರದಿಂದ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸಲೆಂದು, ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಕೈಗೆ ಒಂದಿಷ್ಟು ಕಾಸು ಸಾಕು ಎಂದು ಗೊತ್ತುಪಡಿಸಿದ. ಅಷ್ಟರಲ್ಲಿ ಮನುಷ್ಯ ದುಡಿಯಲಾರ, ಬದುಕಲಾರ ಎಂದು ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಶ್ ಬಲವಾಗಿ ವಾದಿಸಿದ. ಕೆಲವು ತಿಂಗಳುಗಳ ಬಳಿಕ ಕೂಲಿಯನ್ನು ಏರಿಸಿದರು. ಅಷ್ಟರೊಳಗೆ ಏನಾಗಬೇಕೋ ಅದು ಆಗಿತ್ತು. ಅಂದು ಇನ್ನೊಬ್ಬರ ಹೊಟ್ಟೆಗೆ ಸಾಕೆಂದವನು ಉಂಡು ಕುಳಿತಿದ್ದ ಅಧಿಕಾರಿ. ಅಂಥ ಬರಗಳನ್ನು ದಾಟಿ ಉಳಿದವರ ಮೊಮ್ಮಕ್ಕಳು ನಾವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು, ಕಾಲುವೆ ಹರಿಯಿತು, ಜೋಳದ ಸೀಮೆಗೆ ಬತ್ತ ಬಂತು. ಹೊಟ್ಟೆ ತುಂಬ ಅನ್ನ ಕಂಡು ಎರಡು ಮೂರು ತಲೆಮಾರು ಆಗಿದೆ, ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಮೂವತ್ತರಷ್ಟು ಮಂದಿ ಅತಿತೂಕದವರು. ನಮ್ಮ ಮೈ ಇನ್ನೂ ಮುಂದಿನ ಬರಕ್ಕಾಗಿ ಕೂಡಿಡುತ್ತಲೇ ಇದೆ.

ನಮ್ಮ ಮನೆಯಲ್ಲಿ ಅದು ಮಾತಿನಲ್ಲಿಯೂ ಇತ್ತು. ನನ್ನ ತಾಯಿಗೆ ಈಗ ಎಂಬತ್ತೇಳು. ತಟ್ಟೆಯಲ್ಲಿ ಅಗುಳು ಬಿಟ್ಟು ಏಳುವುದು ಅವರ ದೃಷ್ಟಿಯಲ್ಲಿ ಪಾಪ. ತಂಗಿಯೂ ಹಾಗೆಯೇ ಕಲಿತಳು. ಮಕ್ಕಳು ಬಿಟ್ಟದ್ದನ್ನೆಲ್ಲ ತಾನು ತಿಂದಳು. ಅವಳ ಮಗಳೂ ಬ್ಯಾಂಕಿನಿಂದ ಬಂದು, ಮಕ್ಕಳ ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ನಿಂತುಕೊಂಡೇ ಮುಗಿಸುತ್ತಿದ್ದಳು. ಬಲೂನು ಹೊಟ್ಟೆಯೊಳಗಿದ್ದ ಆರು ತಿಂಗಳು ಅದು ಸಾಧ್ಯವಿರಲಿಲ್ಲ. ಹಾಗಾಗಿ ಡಬ್ಬಿಗೆ ಹಾಕುವುದನ್ನೇ ಕಡಿಮೆ ಮಾಡಿದಳು. ಬಲೂನು ಹೋದ ಮೇಲೂ ಉಳಿದದ್ದು ಇದೊಂದು, ಮತ್ತು ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುವುದು. ಹಸಿವು ಮಾತ್ರ ಹಳೆಯದೇ.

ಬಲೂನು ತೆಗೆದ ಮುಂದಿನ ವರ್ಷದ ಯುಗಾದಿಗೆ ಮನೆಗೆ ಬಂದಿದ್ದಳು. ತೂಕ ಎಂಬತ್ತಾರು, ನನ್ನ ಕಾಗದದ ಲೆಕ್ಕಕ್ಕಿಂತ ಒಂದು ಕಿಲೋ ಕಡಿಮೆ. ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ಕೈ ತೊಳೆಯಲು ಎದ್ದಳು. “ಹಂಗ ಬಿಟ್ಟು ಏಳಬಾರದವ್ವ” ಎಂದರು ನನ್ನ ತಾಯಿ. ಎಲ್ಲರೂ ಸುಮ್ಮನಾದೆವು. ಅವಳು ಮತ್ತೆ ಕುಳಿತಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಆ ಅರ್ಧವನ್ನು ಎತ್ತಿ ಅವರ ಎಲೆಗೇ ಹಾಕಿ, “ನೀ ತಿನ್ನು ಅಜ್ಜಿ, ನಂಗ ಸಾಕು” ಎಂದಳು. ನನ್ನ ತಾಯಿ ತಿಂದರು.

ಈಗ ಮಾತು ಇನ್ನೊಂದು ಕಡೆಗೆ ತಿರುಗಿದೆ. ಕರುಳಿನ ತೃಪ್ತಿಯ ಹಾರ್ಮೋನನ್ನು ಅನುಕರಿಸುವ, ತೂಕ ಇಳಿಸಲೆಂದೇ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳು 2025ರಲ್ಲಿ ನಮ್ಮ ದೇಶದ ಅಂಗಡಿಗಳಿಗೂ ಬಂದವು. ಬಲೂನು ಹೊಟ್ಟೆಯ ಗೋಡೆಯಿಂದ ಕಳಿಸುತ್ತಿದ್ದ ಸುದ್ದಿಯನ್ನು ಇವು ನೇರವಾಗಿ ಮಿದುಳಿಗೇ ಮುಟ್ಟಿಸುತ್ತವಂತೆ. ನಿಲ್ಲಿಸಿದರೆ ಇಲ್ಲಿಯೂ ತೂಕ ಮರಳುತ್ತದಂತೆ. ಹೋದ ತಿಂಗಳು ಅವಳು ಇನ್ನೊಂದು ಬಣ್ಣದ ಹಾಳೆ ತಂದುಕೊಟ್ಟು ಹೋಗಿದ್ದಾಳೆ. ನನ್ನ ಮೇಜಿನ ಮೇಲಿದೆ. ಏಳನೆಯ ತಿಂಗಳ ಸುದ್ದಿ ಅದರಲ್ಲೂ ಇಲ್ಲ. ಅದನ್ನು ಬೇರೆ ಕಡೆ ಹುಡುಕುತ್ತಿದ್ದೇನೆ.